ಸಣ್ಣಸ್ವಾಮಿ ಮನೆಯ ಹಜಾರದಲ್ಲಿ ಮ್ಯಾಚು

ಜುಲೈ 23, 2021, ಶುಕ್ರವಾರ

ಬೆಳಿಗ್ಗೆ ಮೇಲಿನ ಕೇರಿ, ಮಧ್ಯಾಹ್ನ ನೀರಿನ ಚಾನಲ್ ಪಕ್ಕದ ಸಾಲು. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸು, ಜ್ವರ ಕೇಳು, ಕೆಮ್ಮು ಕೇಳು, ಹೊರಗಿನಿಂದ ಯಾರು ಬಂದರು ಕೇಳು. ಕೆಮ್ಮುತ್ತಲೇ 'ಇಲ್ಲ' ಅನ್ನುತ್ತಾರೆ ಜನ. ಸೀರೆ ಮೊಣಕಾಲಿನವರೆಗೆ ಕೆಸರು. ಆಶಾ ಕಾರ್ಯಕರ್ತೆಯರಿಗೆ ಗುಲಾಬಿ ಸೀರೆ ಆರಿಸಿದ ಪುಣ್ಯಾತ್ಮರು ಕೊಡಗಿನ ಮಳೆಗಾಲ ನೋಡಿಲ್ಲ.

ಕೊನೆಗೆ ರಂಗಕ್ಕನ ಮನೆ. ಪಕ್ಕದ ಮನೆಯಾದರೂ ಕೊನೆಗೇ ಹೋಗುವುದು. ಕಾಫಿ ಸಿಗುತ್ತದಲ್ಲ. ರಂಗಕ್ಕನಿಗೆ ದಮ್ಮು ಸ್ವಲ್ಪ ಜಾಸ್ತಿಯಾಗಿದೆ. ಈ ರೋಗ ಶುರುವಾದಾಗಿನಿಂದ ಹೊಸಿಲು ದಾಟಿಲ್ಲ ಆಕೆ. ನಾನು ಹೇಳಿದ್ದೇ ವೇದ. "ನೀ ಹೇಳೋಗಂಟ ಎಲ್ಲೂ ಹೋಗಕಿಲ್ಲ ಕಣವ್ವ" ಅನ್ನುತ್ತಾಳೆ. ಊರಲ್ಲಿ ನನ್ನ ಮಾತು ಕೇಳುವವಳು ಇವಳೊಬ್ಬಳೇ.

ಮಗಳು ಸಿಂಚನಾ ಮೊಬೈಲ್ ಹಿಡಿದು ಕೂತಿದ್ದಳು. ಟೋಕಿಯೋದಲ್ಲಿ ಒಲಿಂಪಿಕ್ಸ್ ಉದ್ಘಾಟನೆ. ಅಷ್ಟು ದೊಡ್ಡ ಸ್ಟೇಡಿಯಂ, ಕುರ್ಚಿಗಳೆಲ್ಲ ಖಾಲಿ. ಜನರನ್ನು ಒಳಗೆ ಬಿಟ್ಟಿಲ್ಲವಂತೆ. ಆಡುವವರಿಗೂ ದಿನಾ ಟೆಸ್ಟು.

"ರೋಗ ಇಟ್ಕೊಂಡು ಆಟ ಯಾಕ್ ಬೇಕಾಗಿತ್ತು ಅವ್ರಿಗೆ" ಅಂದ ಜವರಣ್ಣ, ರಂಗಕ್ಕನ ಗಂಡ.

"ಐದು ವರ್ಷ ಕಾದಿದ್ದಾರೆ ಅಪ್ಪ. ಇನ್ನೂ ಕಾದ್ರೆ ಅವ್ರ ಕಾಲು ಕಾಯುತ್ತಾ?" ಅಂದಳು ಸಿಂಚನಾ.

ಅವಳೇ ಕಾಯುತ್ತಿದ್ದಾಳೆ, ಪಾಪ. ಕ್ರೀಡಾ ಹಾಸ್ಟೆಲ್ ಮುಚ್ಚಿ ಮನೆಗೆ ಕಳಿಸಿದ್ದಾರೆ. ದನದ ಕೊಟ್ಟಿಗೆಯ ಗೋಡೆಗೆ ಚೆಂಡು ಹೊಡೆಯುತ್ತಾಳೆ, ದಿನವಿಡೀ ಟಕ್ ಟಕ್. ಹಾಕಿ ಸ್ಟಿಕ್ ಹಿಡಿಯಲು ಮೊದಲು ಕಲಿಸಿದ್ದು ನಾನು. ಹೈಸ್ಕೂಲಲ್ಲಿ ಲೆಫ್ಟ್ ಹಾಫ್ ಆಡುತ್ತಿದ್ದೆ. ಈಗ ಹೇಳಿದರೆ ಚಂದ್ರು ನಗುತ್ತಾರೆ. ಗಂಡಂದಿರಿಗೆ ಹೆಂಡತಿಯರು ಓಡಿದ್ದ ಕಾಲ ಕಣ್ಣಿಗೆ ಕಾಣುವುದಿಲ್ಲ.

ಜುಲೈ 31

ನಮ್ಮ ಸಾಲಿನ ಸಣ್ಣಸ್ವಾಮಿಗೆ ಗಂಟಲು ಕೆರೆತ. ಶುಂಠಿ ವ್ಯಾಪಾರ ಅಂತ ಕೇರಳ ಗಡಿಯ ಕುಟ್ಟಕ್ಕೆ ಹೋಗಿ ಬಂದಿದ್ದಾನೆ, ಗಡಿಯ ಆಚೆಯವರ ಜೊತೆ ಕೂತು ಊಟವನ್ನೂ ಮಾಡಿದ್ದಾನೆ. ಸ್ವಾಬ್ ತೆಗೆಸಿದೆ. ರಿಪೋರ್ಟ್ ಬರುವವರೆಗೆ ಒಂದೇ ರೂಮಲ್ಲಿರಿ ಅಂದೆ. "ಆಯ್ತು ಬುಡವ್ವ" ಅಂದ. ಅವನ 'ಆಯ್ತು'ಗೆ ಮೂರು ಕಾಸಿನ ಬೆಲೆ ಇಲ್ಲ.

ಆಗಸ್ಟ್ 1, ಭಾನುವಾರ

ಮೊನ್ನೆಯಿಂದ ಕರೆಂಟು ಬಂದರೆ ಗಂಟೆ ಹೊತ್ತೂ ನಿಲ್ಲುವುದಿಲ್ಲ. ಎಲ್ಲೋ ಮರ ಬಿದ್ದಿದೆ. ಇಡೀ ಸಾಲಿನಲ್ಲಿ ಯುಪಿಎಸ್ ಇರುವುದು ಸಣ್ಣಸ್ವಾಮಿ ಮನೆಯಲ್ಲಿ ಮಾತ್ರ. ಗೋಡೆ ಅಗಲದ ಟಿವಿ ಬೇರೆ. ನಾಳೆ ಬೆಳಿಗ್ಗೆ ನಮ್ಮ ಹುಡುಗಿಯರ ಹಾಕಿ ಕ್ವಾರ್ಟರ್ ಫೈನಲ್, ಆಸ್ಟ್ರೇಲಿಯಾ ಮೇಲೆ. ಎಲ್ಲರೂ ಅಲ್ಲಿಗೇ ಹೋಗುವ ಮಾತು. ಜನ ಸೇರಬೇಡಿ ಅಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ನಾನೂ ಗಟ್ಟಿಯಾಗಿ ಹೇಳಲಿಲ್ಲ.

ಆಗಸ್ಟ್ 2, ಬೆಳಿಗ್ಗೆ ಎಂಟು

ಆರೋಗ್ಯ ಕೇಂದ್ರದ ಸಿಸ್ಟರ್ ಫೋನು. ಸಣ್ಣಸ್ವಾಮಿ ಪಾಸಿಟಿವ್. ಮನೆ ಸೀಲ್ ಮಾಡಬೇಕು. ಕೆಂಪು ಟೇಪು, ಸ್ಟಿಕ್ಕರು ಚೀಲಕ್ಕೆ ಹಾಕಿಕೊಂಡೆ. ಹೊರಟೆ.

ಅದೇ ದಿನ, ಸಂಜೆ

ಗೆದ್ದರು. ಒಂದು ಗೋಲು.

ಇವತ್ತು ಇಷ್ಟು ಸಾಕು.

ಆಗಸ್ಟ್ 4

ಬರೆದುಬಿಡುತ್ತೇನೆ. ಬರೆಯದೆ ಎರಡು ದಿನ ಅನ್ನ ಇಳಿದಿಲ್ಲ.

ಸೋಮವಾರ ನಾನು ಹೋಗುವಷ್ಟರಲ್ಲಿ ಮ್ಯಾಚು ಶುರುವಾಗಿತ್ತು. ಹಜಾರದ ತುಂಬಾ ಜನ. ನೆಲದ ಮೇಲೆ ಹೆಂಗಸರು, ಮಕ್ಕಳು, ಮುಂದೆ ಬೆಂಚಿನ ಮೇಲೆ ಯಜಮಾನನಂತೆ ಸಣ್ಣಸ್ವಾಮಿ, ಮಾಸ್ಕು ಗಲ್ಲದ ಮೇಲೆ. ಕಿಟಕಿಯೆಲ್ಲ ಮುಚ್ಚಿದ್ದರು, ಎರಚಲು ಹೊಡೆಯುತ್ತದೆ ಅಂತ. ಬಾಗಿಲಲ್ಲಿ ನಿಂತು ಬಾಯಿ ತೆರೆದೆ. ಸಿಂಚನಾ ತಿರುಗಿ ನೋಡಿ, "ಸೌಮ್ಯಕ್ಕಾ, ನಮ್ಮೋರೇ ನುಗ್ತಾ ಇದಾರೆ, ಬನ್ನಿ ಬನ್ನಿ" ಅಂತ ಕೈ ಎಳೆದಳು. ಈ ಕ್ವಾರ್ಟರ್ ಮುಗಿಯಲಿ, ಹೇಳುತ್ತೇನೆ ಅಂದುಕೊಂಡೆ. ಮುಗಿಯಿತು. ಆಮೇಲೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಗೋಲು ಬಿತ್ತು. ನಾನೂ ಕೂಗಿದೆ. ಎಲ್ಲರಿಗಿಂತ ಜೋರಾಗಿ ಕೂಗಿದೆ.

ಆಮೇಲೆ ಎಬ್ಬಿಸುವುದು ಹೇಗೆ? ಎದುರಾಳಿ ಮೇಲೆ ಮೇಲೆ ಬರುತ್ತಿದೆ, ನಮ್ಮ ಹುಡುಗಿಯರು ತಡೆಯುತ್ತಿದ್ದಾರೆ. ಇನ್ನೊಂದು ಕ್ವಾರ್ಟರ್, ಇನ್ನೊಂದು ಕ್ವಾರ್ಟರ್ ಅಂತ ನನಗೆ ನಾನೇ ಹೇಳಿಕೊಂಡೆ. ಚೀಲ ಕಂಕುಳಲ್ಲೇ ಇತ್ತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ರಂಗಕ್ಕ ಬಂದಳು. ಮಗಳನ್ನು ಕರೆಯಲು ಬಂದವಳು. ಸೆರಗು ಮೂಗಿಗೆ ಒತ್ತಿಕೊಂಡು ಜಗುಲಿಯಲ್ಲೇ ನಿಂತಿದ್ದಳು, ಒಳಗೆ ಕಾಲಿಟ್ಟಿರಲಿಲ್ಲ. ನನ್ನ ಗುಲಾಬಿ ಸೀರೆ ಕಂಡಿತು. "ನೀನೇ ಒಳಗಿದ್ದೀಯಲ್ಲವ್ವ. ಹಂಗಾರೆ ಭಯ ಇಲ್ಲ ಬುಡು" ಅಂದಳು. ಬಂದು ಕೂತಳು. ಬೆಂಚಿನ ಬುಡದಲ್ಲೇ ಜಾಗ ಇದ್ದದ್ದು, ಸಣ್ಣಸ್ವಾಮಿಯ ಮಂಡಿಯ ಹತ್ತಿರ.

ನಾನು ನೋಡಿದೆ. ಸುಮ್ಮನಿದ್ದೆ.

ಮ್ಯಾಚು ಮುಗಿದು ಎಲ್ಲರೂ ಹೋದ ಮೇಲೆ ಟೇಪು ಕಟ್ಟಿದೆ. "ಈಗ ತಾನೇ ಫೋನ್ ಬಂತು" ಅಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು. ಸಣ್ಣಸ್ವಾಮಿಯ ಹೆಂಡತಿ ಗುರುಸಿದ್ದಮ್ಮ, "ಅಯ್ಯೋ, ಒಂದ್ ಗಳಿಗೆ ಮುಂಚೆ ಆ ಫೋನ್ ಬಂದಿದ್ರೆ ಜನನಾದ್ರೂ ಕಳಿಸ್ತಿದ್ವಿ" ಅಂದರು. ನನ್ನ ಮುಖ ನೋಡಿಯೇ ಅಂದರು. ಅವರಿಗೇನೂ ಗೊತ್ತಿಲ್ಲ.

ಅಲ್ಲಿ ಒಂದು ದೇಶ ಸ್ಟೇಡಿಯಂಗಳನ್ನೇ ಖಾಲಿ ಇಟ್ಟು ಜಗತ್ತನ್ನು ಕರೆದು ಆಡಿಸುತ್ತಿದೆ. ನನಗೆ ಒಂದು ಹಜಾರ ಖಾಲಿ ಮಾಡಿಸಲು ಆಗಲಿಲ್ಲ. ಆಗಲಿಲ್ಲ ಅಂತಲ್ಲ... ಮಾಡಲಿಲ್ಲ.

ಇವತ್ತು ಸೆಮಿಫೈನಲ್ ಇತ್ತು. ಸೋತರಂತೆ. ನಾನು ನೋಡಲಿಲ್ಲ.

ಆಗಸ್ಟ್ 7

ರಂಗಕ್ಕನಿಗೆ ಜ್ವರ. ಆಕ್ಸಿಮೀಟರ್ ತೊಂಬತ್ನಾಲ್ಕು. ಸ್ವಾಬ್ ಕಳಿಸಿದೆ. ರಿಪೋರ್ಟ್ ಬರುವ ಮುಂಚೆಯೇ ನನಗೆ ಗೊತ್ತು.

ಸಣ್ಣಸ್ವಾಮಿ ಆರಾಮಾಗಿದ್ದಾನೆ. ಟೇಪಿನ ಒಳಗಿಂದ ಕೋಳಿ ಸಾರಿಗೆ ಮಸಾಲೆ ತಂದುಕೊಡಿ ಅಂತ ಕೂಗುತ್ತಾನೆ.

ಆಗಸ್ಟ್ 10

108 ಬಂತು. ಮಡಿಕೇರಿಗೆ. ಹತ್ತುವಾಗ ರಂಗಕ್ಕ ನನ್ನನ್ನೇ ಕೇಳಿದಳು, "ನೀನಿದ್ದ ಕಡೆ ಬುಟ್ರೆ ನಾನು ಎಲ್ಲೂ ಹೋಗಿರ್ನಿಲ್ವಲ್ಲವ್ವ, ಎಲ್ಲಿಂದ ಬಂತು?" ಮಾತಾಡಬೇಡಿ, ಉಸಿರು ಕಟ್ಟುತ್ತೆ ಅಂದೆ. ಅದೂ ನನ್ನ ಅನುಕೂಲಕ್ಕೇ ಅಂದ ಮಾತು.

ಆಗಸ್ಟ್ 12

ಚಂದ್ರುಗೆ ಹೇಳಿದೆ. ಪಿಕಪ್ ತೊಳೆಯುತ್ತಿದ್ದವರು ನೀರಿನ ಪೈಪು ಕೆಳಗಿಟ್ಟರು.

"ಯಾರ್ ಹತ್ರನಾರ ಬಾಯ್ ಬುಟ್ಟಿದ್ದೀಯಾ?"

"ಇಲ್ಲ."

"ಬುಡಬ್ಯಾಡ. ಜವರಣ್ಣ ಸಂತೆಗ್ ಹೋಯ್ತಾನೆ, ಡೈರಿಗ್ ಹೋಯ್ತಾನೆ. ಯಾರಿಂದ ಯಾರಿಗ್ ಬಂತು ಅಂತ ಯಾವನ್ ಕಂಡವ್ನೆ? ನಿನ್ ಕೆಲಸ ಹೋಯ್ತದೆ, ಊರಲ್ಲಿ ತಲೆ ಎತ್ತಂಗಿಲ್ಲ."

ಅವರು ಹೇಳಿದ್ದು ತಪ್ಪೇನಲ್ಲ. ಯಾರಿಂದ ಬಂತು ಅಂತ ಖಂಡಿತ ಹೇಳುವವರು ಯಾರೂ ಇಲ್ಲ. ಆ ಮಾತನ್ನೇ ಹಿಡಿದುಕೊಂಡು ಈ ದಿನ ಕಳೆದೆ. ಸಂಜೆ ಹೊತ್ತಿಗೆ ಅದೂ ಕೈಬಿಟ್ಟಿತು.

ಆಗಸ್ಟ್ 19

ರಂಗಕ್ಕ ಹೋದಳು.

ಸೆಪ್ಟೆಂಬರ್ 6

ಬಹಳ ದಿನ ಇದನ್ನು ತೆರೆದಿರಲಿಲ್ಲ.

ಟಕ್ ಟಕ್ ಸದ್ದಿಲ್ಲ ಅಂತ ಮೊನ್ನೆ ಗಮನಕ್ಕೆ ಬಂತು. ಕೊಟ್ಟಿಗೆ ಗೋಡೆಯ ಹತ್ತಿರ ಹುಲ್ಲು ಬೆಳೆದಿದೆ. ಇವತ್ತು ಹೋದೆ. ಸಿಂಚನಾ ಒಲೆ ಮುಂದೆ ಇದ್ದಳು, ಮುದ್ದೆ ತಿರುವುತ್ತಾ. ಕೈಯೆಲ್ಲ ಸುಟ್ಟ ಗುರುತು. ಹಾಸ್ಟೆಲ್ ಈ ತಿಂಗಳ ಕೊನೆಗೆ ತೆರೆಯುತ್ತಾರೆ, ಕೋಚ್ ಫೋನ್ ಮಾಡಿದ್ದರು ಅಂದ ಜವರಣ್ಣ. ಇವಳು ಬರಲ್ಲ ಅಂದಳಂತೆ. ಸ್ಟಿಕ್ಕನ್ನು ಒಲೆಗೆ ಹಾಕಲು ಹೋಗಿದ್ದಳಂತೆ, ಅವನೇ ಕಿತ್ತುಕೊಂಡು ಅಟ್ಟಕ್ಕೆ ಎಸೆದಿದ್ದಾನೆ.

"ಯಾಕೆ ಮಗಾ?" ಅಂದೆ.

ಮುದ್ದೆ ಪಾತ್ರೆ ಒಲೆಯಿಂದ ಇಳಿಸಿದಳು. ಆಮೇಲೆ ತಿರುಗದೆಯೇ ಹೇಳಿದಳು. "ಅಮ್ಮ ಮನೆ ಬಿಟ್ಟು ಹೊರಗೆ ಹೋಗಿದ್ದು ಒಂದೇ ಸಲ ಅಕ್ಕ. ನನ್ನ ಕರೆಯೋಕೆ. ಬೇಡ ಬೇಡ ಅಂದ್ರೂ ಹಠ ಮಾಡಿ ಹೋದೆನಲ್ಲ ನಾನು. ನಾನೇ ಸಾಯಿಸಿದ್ದು."

ಹಾಗೆಲ್ಲ ಅನ್ನಬಾರದು ಅಂದೆ. ಬೆನ್ನು ಸವರಿದೆ. ನನ್ನ ಭುಜಕ್ಕೆ ತಲೆಯಿಟ್ಟು ಅತ್ತಳು. ನಾನೂ ಅತ್ತೆ. ನಾನು ಅತ್ತಿದ್ದು ಯಾಕೆ ಅಂತ ಅವಳಿಗೆ ಗೊತ್ತಿದ್ದಿದ್ದರೆ ಆ ತಲೆ ಅಲ್ಲಿರುತ್ತಿತ್ತೇ?

ಸೆಪ್ಟೆಂಬರ್ 7

ನನ್ನ ಪಾಪ ಆ ಮಗು ಹೊರುತ್ತಿದೆ. ನಾನು ಹೊರಿಸಿಕೊಂಡು ನೋಡುತ್ತಾ ಕೂತಿದ್ದೇನೆ.

ಸೆಪ್ಟೆಂಬರ್ 13

ಹೇಳಬೇಕು ಅಂತ ನಾಲ್ಕೈದು ಸಲ ಹೊರಟೆ. ಒಂದು ಸಲ ಜವರಣ್ಣ ಇದ್ದ. ಒಂದು ಸಲ ಮಳೆ. ಒಂದು ಸಲ ಯಾರೂ ಇರಲಿಲ್ಲ, ಮಳೆಯೂ ಇರಲಿಲ್ಲ, ಸಾಂಬಾರ್ ಪುಡಿ ಕೇಳಿಕೊಂಡು ವಾಪಸ್ ಬಂದೆ. ಥೂ.

ಸೆಪ್ಟೆಂಬರ್ 16

ಹೇಳಿದೆ.

ಚಾನಲ್ ಏರಿ ಮೇಲೆ ದನ ಹೊಡೆದುಕೊಂಡು ಬರುತ್ತಿದ್ದಳು. ಕೂತ್ಕೊ ಅಂದೆ. ಎಂಟು ಗಂಟೆಗೇ ಫೋನ್ ಬಂದದ್ದು ಹೇಳಿದೆ. ಟೇಪು ನನ್ನ ಚೀಲದಲ್ಲೇ ಇದ್ದದ್ದು ಹೇಳಿದೆ. ಈಗ ತಾನೇ ಫೋನ್ ಬಂತು ಅಂದದ್ದು ಸುಳ್ಳು ಅಂದೆ. ನಿನ್ನಮ್ಮ ಜಗುಲಿಯಲ್ಲೇ ನಿಂತಿದ್ದಳು, ನಿನ್ನನ್ನು ಕರೆದುಕೊಂಡು ವಾಪಸ್ ಹೋಗುತ್ತಿದ್ದಳು, ನನ್ನ ಸೀರೆ ನೋಡಿ ಒಳಗೆ ಬಂದಳು ಅಂದೆ. ಒಂದನ್ನೂ ಬಿಡಲಿಲ್ಲ.

ಅವಳು ಹುಲ್ಲು ಕೀಳುತ್ತಾ ಕೂತಿದ್ದಳು. ದನ ಯಾರದೋ ಜೋಳಕ್ಕೆ ನುಗ್ಗಿತು, ಏಳಲಿಲ್ಲ. ಆಮೇಲೆ ಒಂದೇ ಮಾತು ಕೇಳಿದಳು.

"ಅವತ್ತು ನೀವು ಎದ್ದು ಹೋಗಿ ಅಂದಿದ್ರೆ, ಅಷ್ಟು ಜನ ಮ್ಯಾಚ್ ಬಿಟ್ಟು ಎದ್ದು ಹೋಗ್ತಿದ್ರಾ?"

ಚಂದ್ರು ಕಲಿಸಿಕೊಟ್ಟಂಥದೇ ಒಂದು ಉತ್ತರ ಬಾಯಿಗೆ ಬಂತು. ಯಾರು ಕೇಳ್ತಾರೆ ಮಗಾ, ನಾನು ಹೇಳಿದ್ರೂ ಯಾರೂ ಏಳ್ತಿರಲಿಲ್ಲ ಅನ್ನಬಹುದಿತ್ತು. ಸಣ್ಣಸ್ವಾಮಿ ಏಳುತ್ತಿರಲಿಲ್ಲ, ನಿಜ. ಎಷ್ಟೋ ಜನ ಏಳುತ್ತಿರಲಿಲ್ಲ.

"ಬೇರೆಯವರು ಗೊತ್ತಿಲ್ಲ" ಅಂದೆ. "ನಿನ್ನಮ್ಮ ಹೋಗ್ತಿದ್ದಳು. ನಾನು ಹೇಳಿದ್ದಕ್ಕೆ ಒಂದು ಸಲವೂ ಇಲ್ಲ ಅಂದವಳಲ್ಲ."

ಎದ್ದಳು. ದನ ಹೊಡೆದುಕೊಂಡು ಹೋದಳು. ತಿರುಗಿ ನೋಡಲಿಲ್ಲ.

ಸೆಪ್ಟೆಂಬರ್ 18

ಸಿಸ್ಟರ್‌ಗೂ ಹೇಳಿದೆ. ಬರೆದುಕೊಡಿ ಅಂದರು. ಬರೆದುಕೊಟ್ಟೆ. ಮೇಲಿನವರು ಏನು ಮಾಡುತ್ತಾರೋ ಗೊತ್ತಿಲ್ಲ. ಅಲ್ಲಿಯವರೆಗೆ ಮನೆ ಮನೆ ತಿರುಗುವುದೇ. ಚಂದ್ರು ಮಾತು ಬಿಟ್ಟಿದ್ದಾರೆ. ಜವರಣ್ಣ ನನ್ನನ್ನು ಕಂಡರೆ ದಾರಿ ಬದಲಿಸುತ್ತಾನೆ. ಅವನಿಗೂ ಗೊತ್ತಾಗಿದೆ. ಒಮ್ಮೆ ಬಂದು ಕೆನ್ನೆಗೆ ಹೊಡೆದು ಹೋಗಿದ್ದರೆ ಚೆನ್ನಾಗಿತ್ತು.

ಸೆಪ್ಟೆಂಬರ್ 21

ಮಧ್ಯಾಹ್ನ ಬಟ್ಟೆ ಒಗೆಯುತ್ತಿದ್ದೆ. ಕೊಟ್ಟಿಗೆ ಕಡೆಯಿಂದ ಸದ್ದು. ಟಕ್. ನಿಂತಿತು. ಮತ್ತೆ ಟಕ್.

ಕೈ ನೀರಲ್ಲೇ ಇಟ್ಟುಕೊಂಡು ಕೇಳಿದೆ. ಖುಷಿಯಾಯಿತು. ಖುಷಿಪಡುವ ಹಕ್ಕು ನನಗಿದೆಯೋ ಇಲ್ಲವೋ, ಆಯಿತು.

ಸೆಪ್ಟೆಂಬರ್ 27, ಬೆಳಿಗ್ಗೆ

ಈಗ ತಾನೇ ಸಿಂಚನಾ ಬಂದಿದ್ದಳು. ಗೇಟಿನ ಹೊರಗೇ ನಿಂತಳು. ಹೆಗಲಲ್ಲಿ ಬ್ಯಾಗು, ಎಣ್ಣೆ ಹಚ್ಚಿ ಬಿಗಿಯಾಗಿ ಹಾಕಿದ ಜಡೆ. ಅವಳೇ ಹಾಕಿಕೊಂಡಿದ್ದಾಳೆ, ಬೈತಲೆ ಸೊಟ್ಟ. ಹಾಸ್ಟೆಲ್‌ಗೆ ಹೊರಟಿದ್ದಾಳೆ.

ಒಳಗೆ ಬಾ ಅಂದೆ. ಬರಲಿಲ್ಲ.

"ಅಪ್ಪನಿಗೆ ಎರಡನೇ ಡೋಸ್ ಮುಂದಿನ ತಿಂಗಳು ಬರುತ್ತೆ. ಅವರು ನಿಮ್ಮ ಹತ್ರ ಬರಲ್ಲ. ನೀವೇ ಹೋಗಿ ಹಾಕಿಸಬೇಕು."

ಹಾಕಿಸ್ತೀನಿ ಮಗಾ ಅಂದೆ. ಇನ್ನೇನೋ ಹೇಳಲು ಹೊರಟೆ. ಚೆನ್ನಾಗಿ ಆಡು ಅಂತಲೋ, ಹುಷಾರು ಅಂತಲೋ. ಅಷ್ಟರಲ್ಲಿ ಅವಳು ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು,

"ಬರ್ತೀನಿ ಮೇಡಂ" ಅಂದಳು.

ಮೇಡಂ. ಮಾತು ಕಲಿತಾಗಿನಿಂದ ನನ್ನನ್ನು ಅಕ್ಕ ಅಂದವಳು. ಸಿಟ್ಟಿನಿಂದ ಅಂದಿದ್ದರೆ... ಸಿಟ್ಟಿರಲಿಲ್ಲ. ಆರೋಗ್ಯ ಕೇಂದ್ರದಲ್ಲಿ ಗೊತ್ತಿಲ್ಲದವರು ಕರೆಯುತ್ತಾರಲ್ಲ, ಹಾಗೇ. ಹೂಂ ಅಂದೆ. ಗೇಟಿನ ಹತ್ತಿರ ಹೋಗಿ ನಿಲ್ಲುವಷ್ಟರಲ್ಲಿ ಅವಳು ಚಾನಲ್ ಏರಿಯ ತಿರುವು ದಾಟಿದ್ದಳು.