ಡೆಕ್ಕಿನೊಳಗಿನ ಹಸಿ

ಮಹಾದೇವಿ,

ಬೈಕುಲ್ಲಾದ ನಮ್ಮಿಬ್ಬರ ಖೋಲಿಯ ನೆಲ ಮೆತ್ತಗಾಗಿ ನೀನು ಅದರೊಳಗೆ ಇಳಿದುಹೋದಂತೆ ಕನಸು ಬಿತ್ತು. ಎದ್ದವನೇ ದೋಣಿ ರಿಪೇರಿಯ ಯಾರ್ಡಿಗೆ ಓಡಿದೆ. ನೀನು ತೀರಿಹೋದ ಮೇಲೆ ನನ್ನ ಕೈಗೆ ಬಂದ ಮೊದಲ ಹಾಯಿದೋಣಿ ಇದು. ಡೆಕ್ಕಿನ ಬೋಲ್ಟಿನ ತೂತುಗಳಿಂದ ನೀರಿಳಿದು, ಫೈಬರಿನ ಎರಡು ಪದರಗಳ ನಡುವಿನ ಹಲಗೆ ಕೊಳೆತಿತ್ತು. ಕೊಳೆತದ್ದನ್ನು ಕೆತ್ತಿ ತೆಗೆದು ಉಳಿದದ್ದನ್ನು ಒಣಗಿಸಿದ್ದೇನೆ. ಹಸಿ ಇದ್ದಾಗಲೇ ಮುಚ್ಚಿದರೆ ದೋಣಿಯಲ್ಲಿ ಹೋದವರ ಗತಿ ಏನು? ಮೊದಲಾದರೆ ನಾನು ಸುತ್ತಿಗೆಯ ಹಿಡಿಯಿಂದ ಬಡಿಯುತ್ತಿದ್ದೆ, ನೀನು ಕಿವಿ ಹಚ್ಚಿ, ಸದ್ದು ಟಣ್ಣೆಂದರೆ ಒಣಗಿದೆ ಎಂದು ಹೂಂ ಅನ್ನುತ್ತಿದ್ದೆ. ಇಂದು ಒಬ್ಬನೇ ಬಡಿದು ಬಡಿದು ನೋಡಿದೆ.

“ಒಣಗೇತಿ ಬಿಡಲೇ. ಮಹಾದೇವಿ ಬಂದು ಹೂಂ ಅನಬೇಕೇನು?” ಎಂದು ಜೊತೆಗಾರ ಶ್ರೀಮಂತ ನಕ್ಕ. ಆಮೇಲೆ ತಾನೇ ತಲೆ ತಗ್ಗಿಸಿದ.

ನಾನು ಡೆಕ್ಕು ಮುಚ್ಚುವ ಅಂಟು ಕಲಸದೆ ಕುಳಿತಿದ್ದೇನೆ. ಎಡಗಡೆಯ ಕೊನೆಯ ತೂತಿನ ಸದ್ದು ಮಂದವೋ ಏನೋ, ತಿಳಿಯುತ್ತಿಲ್ಲ. ಬಡಿಯುತ್ತೇನೆ, ಅದೊಂದನ್ನು ಇನ್ನೊಮ್ಮೆ ಕೇಳಿ ಹೇಳು.