ಮೂಲೆ ಕತ್ತರಿಸಿದ ಇಪ್ಪತ್ಮೂರು ಕಾರ್ಡುಗಳು

ಕೆಮ್ಮಣ್ಣುಕಟ್ಟೆ
ಫೆಬ್ರವರಿ 31, 2304

ಇನ್ನೂರು ಚಿಲ್ಲರೆ ವರ್ಷ ಹಿಂದಿನ ಕೆಮ್ಮಣ್ಣುಕಟ್ಟೆಯ ಹಿರಿಯರಿಗೆ ಹುಲಿಗೆಮ್ಮನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತೊಂದು ದಿನ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾರ್ಡುಗಳನ್ನು ಓದಿಯೇ ಈ ಬರವಣಿಗೆ ಕಲಿತೆ. ಹಿಂದಕ್ಕೆ ಹೋಗುವ ಅಂಚೆ ನಮ್ಮಲ್ಲೂ ಇಲ್ಲ. ಆದರೂ ಬರೆಯುತ್ತಿದ್ದೇನೆ, ಸಿಟ್ಟನ್ನು ಎಲ್ಲಾದರೂ ಇಳಿಸಬೇಕಲ್ಲ.

ನಿಮ್ಮ ಗಣಿ ಮುಚ್ಚಿ, ಊರು ಖಾಲಿಯಾಗಿ, ಗುಡ್ಡದ ಮೇಲೆ ಮತ್ತೆ ಹುಲ್ಲು ಬೆಳೆದ ಮೇಲೆ ನಾವು ನಲವತ್ತು ಮನೆಯವರು ಬಂದೆವು. ನಮ್ಮನ್ನು ಮರುನೆಲಸಿಗರು ಅನ್ನುತ್ತಾರೆ, ಅಂದರೆ ಬಿಟ್ಟುಹೋದ ಊರುಗಳಿಗೆ ಕಳಿಸಿದವರು. ನೀವು ಕೊರೆದ ಸುರಂಗಗಳು ಗುಡ್ಡದೊಳಗೆ ಹಾಗೇ ಇವೆ. ನೆಲದೊಳಗಿನ ಟೊಳ್ಳನ್ನು ಕೇಳಿಸಿಕೊಳ್ಳುವ ನೆಲಗಿವಿ ಎಂಬ ಯಂತ್ರವಿದೆ, ಆದರೆ ಈ ಕಬ್ಬಿಣದ ಮಣ್ಣಿನಲ್ಲಿ ಅದಕ್ಕೆ ಕಿವುಡು. ನಕ್ಷೆ ಒಂದೂ ಉಳಿದಿಲ್ಲ. ಉಳಿದದ್ದು ನೀವು ನೆಂಟರಿಗೆ ಬರೆದು, ಆಮೇಲೆ ವಾಪಸು ಕೂಡಿಸಿ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಿದ್ದ ಇಪ್ಪತ್ಮೂರು ಚಿತ್ರದ ಕಾರ್ಡುಗಳು. ಅವುಗಳ ಪಾಲಕಿ ನಾನು. ಅವನ್ನು ನೋಡಿ, ಯಾರು ಎಲ್ಲಿ ಮನೆ ಕಟ್ಟಬೇಕೆಂದು ಗೂಟ ಹೊಡೆಯುವುದು ನನ್ನ ಕೆಲಸ.

ಚಿತ್ರಗಳೇನೋ ಚೆನ್ನಾಗಿವೆ. ಅದಿರಿನ ಲಾರಿಗಳ ಸಾಲು, ಮಿರ್ಚಿ ಅಂಗಡಿ, ಕೆಂಪು ಧೂಳು ಹತ್ತಿದ ಬಿಳಿ ಎತ್ತು. ನಿಮ್ಮ ಸ್ಟುಡಿಯೋದವನು ಸೋಮಾರಿ ಇರಬೇಕು, ಎಲ್ಲವನ್ನೂ ಅಂಚೆ ಕಚೇರಿಯ ಮಾಳಿಗೆಯ ಮೇಲೆ ನಿಂತೇ ತೆಗೆದಿದ್ದಾನೆ. ಹಾಗಾಗಿ ಪ್ರತಿ ಚಿತ್ರದ ಎಡಮೂಲೆಯಲ್ಲೂ ಅದೇ ಗುಡ್ಡ. ಅದರಿಂದ ಅನುಕೂಲವೇ ಆಗುತ್ತಿತ್ತು, ನೀವು ಸುಮ್ಮನಿದ್ದಿದ್ದರೆ. ಅಂಚೆಚೀಟಿ ಕೂಡಿಸುವ ಹುಚ್ಚಿಗೆ ಒಂದೊಂದು ಕಾರ್ಡಿನ ಮೂಲೆಯನ್ನೂ ಕತ್ತರಿಸಿಕೊಂಡಿದ್ದೀರಿ. ಹಿಂಬದಿಯ ಬಲಮೂಲೆ ಹೋದರೆ ಮುಂಬದಿಯ ಎಡಮೂಲೆಯೂ ಹೋಗುತ್ತದೆಂದು ಒಬ್ಬರಿಗೂ ಹೊಳೆಯಲಿಲ್ಲವೇ? ನೀರಲ್ಲಿ ನೆನೆಸಿದ್ದರೆ ಚೀಟಿ ತಾನಾಗಿ ಬಿಡುತ್ತಿತ್ತಲ್ಲ.

ಬರೆದದ್ದಾದರೂ ಏನು? ಇಪ್ಪತ್ತೆರಡು ಕಾರ್ಡುಗಳಲ್ಲಿ ಒಂದೇ ಮಾತು: ನಾವೆಲ್ಲ ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ. ಓದಿ ಓದಿ ನನ್ನ ತಲೆ ಕೆಟ್ಟಿದೆ. ಇಪ್ಪತ್ಮೂರನೆಯದು ತಿಪ್ಪಯ್ಯ ಎಂಬ ಗಣಿ ಕೂಲಿಯದು, ತಮ್ಮನಿಗೆ ಬರೆದದ್ದು. "ನಾನು ಇಳಿಯೋ ಸುರಂಗದ ಬಾಯಿ ಎಲ್ಲೈತಿ ಅಂತ ಕೇಳಿದ್ಯಲ್ಲ. ಬರಿಯಾಕ ಜಾಗಾ ಇಲ್ಲ. ಚಿತ್ರದ ಎಡಮೂಲ್ಯಾಗ ಐತಿ, ನೋಡ್ಕೋ." ತಿರುಗಿಸಿ ನೋಡಿದರೆ ಆ ಮೂಲೆಯೇ ಇಲ್ಲ.

ಬಾಯಿ ಗುಡ್ಡದ ನೆತ್ತಿಯ ಹತ್ತಿರ ಇರಬೇಕೆಂದು ಅಂದಾಜು ಮಾಡಿ, ಕೆಳಗಿನ ಇಳಿಜಾರಿನಲ್ಲಿ ನನ್ನ ತಂಗಿ ಗಂಗವ್ವನ ಮನೆಗೆ ಗೂಟ ಹೊಡೆದೆ. ಕಳೆದ ವರ್ಷ ಒಂದು ಬೆಳಿಗ್ಗೆ ಅವಳು ಬಂದು, "ಅಕ್ಕಾ, ನಮ್ಮ ಒಲಿ ಯಾಕೋ ವಾಲಾಕತ್ತೈತಿ, ಬಂದು ನೋಡು" ಅಂದಳು. ಊಟ ಮಾಡಿಕೊಂಡು ಬರುತ್ತೇನೆ ಅಂದೆ. ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದವಳು ನೆಲ ಕುಸಿದು ಅಡುಗೆಮನೆ ಸಮೇತ ನಿಮ್ಮ ಸುರಂಗದೊಳಗೆ ಹೋದಳು. ಆರು ದಿನ ಅಗೆದೆವು. ಸಿಗಲಿಲ್ಲ. ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡಷ್ಟು ಹೊತ್ತು ನನ್ನ ಮೇಲಿನ ಸಿಟ್ಟು ಸ್ವಲ್ಪ ಮರೆಯುತ್ತದೆ.

ನಾಳೆ ಶಾಲೆಗೆ ಗೂಟ ಹೊಡೆಯಬೇಕು. ಹದಿನೇಳು ಮಕ್ಕಳು ಕೂರುವ ಜಾಗ, ಗಂಗವ್ವನ ಮಗಳೂ ಅವರಲ್ಲಿ ಒಬ್ಬಳು. ಬೇರೆ ಯಾರಾದರೂ ಹೊಡೆಯಲಿ ಅಂದೆ. ಕಾರ್ಡು ಓದಲು ಬರುವವಳು ನೀನೊಬ್ಬಳೇ ಎಂದು ಎಲ್ಲರೂ ನನ್ನ ಕಡೆಗೇ ನೋಡಿದರು.

ಆದ್ದರಿಂದ ಕೇಳಿಕೊಳ್ಳುತ್ತೇನೆ. ನಿಮ್ಮ ಟ್ರಂಕಿನಲ್ಲಿ ಅಂಥ ಕಾರ್ಡು ಇನ್ನೂ ಇಡಿಯಾಗಿದ್ದರೆ ಕತ್ತರಿ ಮುಟ್ಟಬೇಡಿ. ಎಲ್ಲೆಲ್ಲಿ ಅಗೆದಿರಿ ಎಂದು ಹಿಂಬದಿಯಲ್ಲಿ ಒಂದು ಸಾಲು ಬರೆದಿಡಿ. ಕ್ಷೇಮ ಸಮಾಚಾರ ಆಮೇಲೆ ಬರೆಯಿರಿ.

ನಿಮ್ಮ ಪದ್ಧತಿಯಂತೆ ನಾನೂ ಕೊನೆಗೆ 'ನಾವೆಲ್ಲ ಇಲ್ಲಿ ಕ್ಷೇಮ' ಎಂದು ಬರೆಯಬೇಕಿತ್ತು. ಆ ಸಾಲಿಗೆ ಜಾಗ ಬಿಟ್ಟಿದ್ದೇನೆ.

ಹುಲಿಗೆಮ್ಮ