ಒಳಮದ್ದು ಹೆಚ್ಚಿದ್ದವರ ಮೊಣಕಾಲು

ಗದಗ, ಫೆಬ್ರವರಿ ೩೦, ೨೧೯೪

ನಮಗೆ ಮುತ್ತಜ್ಜಿಯರಾಗಲಿರುವ ಅಕ್ಕಂದಿರೇ,

ತಾರೀಖು ತಪ್ಪಾಗಿ ಬರೆದಿದ್ದಾಳೆ ಅಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕವು ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಗೆ ರಜೆಯಾಗಿ ಬರುತ್ತವೆ. ನಿಮಗೆ ಪರಿಚಯವಿಲ್ಲದ ಪದಗಳು ನನ್ನ ಮಾತಿನಲ್ಲಿ ಬಂದರೆ ಕ್ಷಮಿಸಿ. ಆದಷ್ಟು ಬಿಡಿಸಿ ಹೇಳುತ್ತೇನೆ.

ನನ್ನ ಹೆಸರು ಗಂಗಮಾಳವ್ವ. ಗುಡ್ಡದ ಮೇಲಿನ ಅಳತೆಮನೆಯಲ್ಲಿ ಹತ್ತೊಂಬತ್ತು ವರ್ಷ ದುಡಿದವಳು. ಇಲ್ಲಿ ಗಾಳಿಯಿಂದ ಕರೆಂಟು ಮಾಡುವ ಎತ್ತರದ ಕಂಬಗಳಿವೆ. ಒಂದೊಂದರೊಳಗೂ ಇನ್ನೂರ ಎಂಬತ್ತು ಮೆಟ್ಟಿಲು. ಮೇಲಿನ ಗಾಲಿಗಳ ಧೂಳು ಒರೆಸಿ ಎಣ್ಣೆ ಹಾಕುವವರೆಲ್ಲ ಹೆಂಗಸರೇ. ದಿನಕ್ಕೆ ನಾಲ್ಕು ಸಲ ಹತ್ತಿ ಇಳಿದು, ವಯಸ್ಸು ನಲವತ್ತೈದು ದಾಟುವಷ್ಟರಲ್ಲಿ ಅವರ ಮೊಣಕಾಲಿನ ಕೀಲು ಸವೆದಿರುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಕಾಲು ಮರಗಟ್ಟಿರುತ್ತದೆ, ನೆಲಕ್ಕೆ ಕೂತರೆ ಎಬ್ಬಿಸಲು ಇನ್ನೊಬ್ಬರು ಬೇಕು.

ನೋವೆಂದು ಬಂದವರ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಒಳಮದ್ದು ಅಳೆಯುವುದು ನನ್ನ ಕೆಲಸ. ಒಳಮದ್ದೆಂದರೆ ನೋವು ತಗ್ಗಿಸಲು ಮೈ ತಾನೇ ಮಾಡಿಕೊಳ್ಳುವ ಮದ್ದು. ನಿಮ್ಮ ಮೈಯಲ್ಲೂ ಅದು ಇದೆ. ಅದು ಹೆಚ್ಚಿದ್ದರೆ ನೋವಿಲ್ಲ, ಕಂಬ ಹತ್ತಿಸಿ ಎಂಬುದು ನಿಯಮ. ಕಡಿಮೆಯಿದ್ದವರಿಗೆ ಮಾತ್ರ ಚಿಕಿತ್ಸೆ, ಕೂತು ಮಾಡುವ ಕೆಲಸ. ಎಷ್ಟೋ ಹೆಂಗಸರನ್ನು ಹಸಿರು ಮುದ್ರೆ ಒತ್ತಿ ಕಂಬಕ್ಕೆ ವಾಪಸ್ ಕಳಿಸಿದ್ದೇನೆ. ಅದನ್ನು ಮುಚ್ಚಿಡುವುದಿಲ್ಲ.

ಒಂದು ಬೆಳಿಗ್ಗೆ ಫಕೀರವ್ವ ಬಂದಳು. ಐವತ್ತೆರಡು ವರ್ಷ. ಅಷ್ಟು ಒಳಮದ್ದನ್ನು ನಾನು ಯಾರಲ್ಲೂ ಕಂಡಿರಲಿಲ್ಲ. ಮುದ್ರೆ ಒತ್ತಿದೆ. ಬಾಗಿಲಾಚೆ ಮೂರೇ ಮೆಟ್ಟಿಲು. ಅವಳು ಗೋಡೆ ಹಿಡಿದು, ಬೆನ್ನು ತಿರುಗಿಸಿ, ಹಿಮ್ಮುಖವಾಗಿ ಇಳಿಯತೊಡಗಿದಳು. ಓಡಿಹೋಗಿ ತೋಳು ಹಿಡಿದೆ.

"ಎಷ್ಟ ದಿನದಿಂದ ಹಿಂಗ ಐತಿ?"

"ಎರಡು ವರ್ಷಾತು. ನೀ ಒಮ್ಮೆರ ಕೇಳಿದ್ಯೇನವ್ವ?"

"ಮಷಿನ್ ನೋಡಿದ್ರ ಮದ್ದು ಭಾಳ ಐತಿ ಅಂತೈತಿ."

"ಮನಿಗೆ ಬೆಂಕಿ ಬಿದ್ರ ಓಣಿ ಮಂದಿಯೆಲ್ಲ ಕೊಡ ಹೊತ್ಕೊಂಡು ಓಡಿ ಬರ್ತಾರ. ನೀ ಕೊಡ ಎಣಿಸಿ, ಬೆಂಕಿನ ಇಲ್ಲ ಅಂತೀದಿ."

ಆ ತಿಂಗಳು ನಾನು ಮೊದಲು ಕೇಳಿದೆ, ಆಮೇಲೆ ಅಳೆದೆ. ಮೆಟ್ಟಿಲು ಇಳಿಯಲು ಆಗುತ್ತದೆಯೇ, ನಿದ್ದೆ ಬರುತ್ತದೆಯೇ ಎಂದು ಅರವತ್ಮೂರು ಹೆಂಗಸರನ್ನು ಕೇಳಿ ಬರೆದುಕೊಂಡೆ. ಹೆಚ್ಚು ನರಳುವವರಲ್ಲೇ ಬಹುಮಟ್ಟಿಗೆ ಒಳಮದ್ದೂ ಹೆಚ್ಚಿತ್ತು. ಮೈ ನೋವಿನೊಡನೆ ಹೊಡೆದಾಡುತ್ತಿತ್ತು. ನಾವು ಅದನ್ನು ಆರೋಗ್ಯವೆಂದು ಓದಿದ್ದೆವು.

ಅಳತೆಮನೆಯ ಸಾಹೇಬರಿಗೆ ಆ ಹಾಳೆಗಳನ್ನು ಕೊಟ್ಟೆ. ಅವರು ತಿರುವಿ ನೋಡಲಿಲ್ಲ. "ಹೆಂಗಸರ ಬಾಯಿಮಾತು ಅಳತಿ ಆಗೂದಿಲ್ಲ," ಅಂದರು. ಮುದ್ರೆಯನ್ನು ಅವರ ಮೇಜಿನ ಮೇಲಿಟ್ಟೆ. "ಹಂಗಾರ ನೀವ ಒತ್ತರಿ. ನನ್ನ ಕೈಲೆ ಆಗೂದಿಲ್ಲ." ಅಂದೇ ನನ್ನ ಕೆಲಸ ಹೋಯಿತು. ಮನೆಗೆ ಬರುವ ದಾರಿಯಲ್ಲಿ ಫಕೀರವ್ವನಿಗೆ ನಡೆದದ್ದೆಲ್ಲ ಹೇಳಿದೆ.

ಮರುದಿನ ಅರವತ್ಮೂರು ಜನರೂ ಕಂಬದ ಬುಡದಲ್ಲಿ ಕೂತರು, ಜೊತೆಗೆ ನಾನೂ. ಸಾಹೇಬರು ಬಂದು "ಏಳ್ರಿ" ಎಂದು ಗದರಿದರು.

"ಏಳಾಕ ಆಗೂದಿಲ್ಲ ಅಂತನ ಕುಂತೇವ್ರಿ," ಅಂದಳು ಫಕೀರವ್ವ. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

ಹನ್ನೊಂದು ದಿನ ಕೂತೆವು. ಗಾಲಿಗಳಿಗೆ ಧೂಳು ಹಿಡಿಯಿತು, ಊರಿನ ದೀಪಗಳು ಮಂಕಾದವು. ಹನ್ನೆರಡನೆಯ ದಿನ ನಿಯಮ ಬದಲಾಯಿತು: ಮೊದಲು ಕೇಳಬೇಕು, ಅಳತೆ ಆಮೇಲೆ. ಫಕೀರವ್ವನಿಗೆ ಚಿಕಿತ್ಸೆ ಸಿಕ್ಕಿತು. ನೋವು ತಗ್ಗಿದೆ, ಪೂರ್ತಿ ಹೋಗಿಲ್ಲ. ನನ್ನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ. ಅದಕ್ಕಾಗಿ ನಾನು ಯಾರ ಬಾಗಿಲಿಗೂ ಹೋಗಿಲ್ಲ, ಹೋಗುವುದೂ ಇಲ್ಲ.

ಅಕ್ಕಂದಿರೇ, ಒಂದೇ ಕೋರಿಕೆ. ನಿಮ್ಮ ಕಾಲದಲ್ಲೂ ಯಾರಾದರೂ ಅಂಕಿ ನೋಡಿ, ವಯಸ್ಸು ನೋಡಿ, "ಏನೂ ಆಗಿಲ್ಲ, ಹೋಗಮ್ಮ" ಎಂದರೆ ಎದ್ದು ಬರಬೇಡಿ. ಎಲ್ಲಿ ನೋಯುತ್ತದೆ, ಯಾವಾಗ ನೋಯುತ್ತದೆ ಎಂದು ಇನ್ನೊಮ್ಮೆ ಹೇಳಿ. ಅವರು ಬರೆದುಕೊಳ್ಳುವವರೆಗೂ ಹೇಳಿ.

ನಿಮ್ಮ ಮುಂದಿನವಳು,
ಗಂಗಮಾಳವ್ವ